ಹಗ್ಗ ಹಿಡಿದ ಕೈ

ನಮ್ಮ ಬೀದಿಯ ಮಕ್ಕಳು ನನಗೆ ಇಟ್ಟಿರುವ ಹೆಸರು ‘ನಾಯಿ ತಾತ’. ಈ ಬಿರುದು ಬಂದು ನಾಲ್ಕು ವರ್ಷವಾಯಿತು. ಅದಕ್ಕೂ ಮೊದಲು ನಾನು ದೂರದಲ್ಲಿ ನಾಯಿ ಕಂಡರೂ ಸೈಕಲ್ ತಿರುಗಿಸಿಕೊಂಡು ಬೇರೆ ಬೀದಿ ಹಿಡಿಯುತ್ತಿದ್ದವನು. ಚಿಕ್ಕವನಿದ್ದಾಗ ಬೀದಿನಾಯಿ ಕಚ್ಚಿ, ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಹಾಕಿಸಿಕೊಂಡಿದ್ದೆ. ನನ್ನ ವಯಸ್ಸಿನ ಓದುಗರಿಗೆ ಆ ಹದಿನಾಲ್ಕರ ಲೆಕ್ಕ ಹೇಳಬೇಕಾಗಿಲ್ಲ. ಈಗಿನ ಮಕ್ಕಳಿಗೆ ತೋಳಿಗೇ ಚುಚ್ಚುತ್ತಾರೆ, ಅದೂ ನಾಲ್ಕೈದು ಸಲ ಅಷ್ಟೆ. ಪುಣ್ಯವಂತರು.

ಮೊನ್ನೆ ಎದುರುಮನೆಯ ಹುಡುಗಿ ಕೇಳಿದಳು: “ತಾತ, ನಾಯಿ ಶೋನಲ್ಲಿ ನಾಯಿಗೆ ಪ್ರೈಜ್ ಕೊಡೋದು ಗೊತ್ತು. ನಾಯಿ ಹಿಡ್ಕೊಂಡೋರಿಗೂ ಕೊಡ್ತಾರಂತೆ, ನಿಜವಾ? ಸುಮ್ನೆ ಹಿಡ್ಕೊಳ್ಳೋದರಲ್ಲಿ ಏನಿದೆ?”

ಅವಳಿಗೆ ಆಗ ಎರಡು ಮಾತಿನಲ್ಲಿ ಉತ್ತರ ಹೇಳಿ ಕಳಿಸಿದೆ. ಪೂರ್ತಿ ಉತ್ತರ ಹೇಳಬೇಕಾದರೆ ನನ್ನದೇ ಒಂದು ತಪ್ಪನ್ನೂ ಹೇಳಬೇಕಾಗುತ್ತದೆ. ಅದನ್ನು ಇಲ್ಲಿ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ನನ್ನ ಮಗ ಬಾಗಲಕೋಟೆ ಕಡೆಯಿಂದ ಒಂದು ಮುಧೋಳ ನಾಯಿಮರಿ ತಂದ. ಮೊಮ್ಮಗನಿಗೆ ಆಗ ಒಂಬತ್ತು ವರ್ಷ. ಮರಿಗೆ ‘ಚೆನ್ನಿ’ ಎಂದು ಅವನೇ ಹೆಸರಿಟ್ಟ. ನಾನು ಮೊದಲ ಹದಿನೈದು ದಿನ ಕುರ್ಚಿಯ ಮೇಲೆ ಕಾಲೆತ್ತಿಕೊಂಡೇ ಪೇಪರ್ ಓದುತ್ತಿದ್ದೆ. ಹದಿನಾರನೆಯ ದಿನ ಅದು ಬಂದು ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿತು. ಅಲ್ಲಿಗೆ ನನ್ನ ಭಯದ ಖಾತೆ ಮುಕ್ತಾಯವಾಯಿತು.

ಚೆನ್ನಿಯನ್ನು ನೋಡಿದ ಪರಿಚಯದ ಪಶುವೈದ್ಯರು, “ಒಳ್ಳೆಯ ಲಕ್ಷಣ ಇದೆ, ಪ್ರದರ್ಶನಕ್ಕೆ ಕರೆದುಕೊಂಡು ಬನ್ನಿ” ಅಂದರು. ಹಾಗೆ ಮೊದಲ ಬಾರಿ ಮೈಸೂರಿನಲ್ಲಿ ನಡೆದ ಒಂದು ಶ್ವಾನ ಪ್ರದರ್ಶನಕ್ಕೆ ಹೋದೆವು. ಅಲ್ಲಿ ಸಂಘದ ಕಾರ್ಯದರ್ಶಿಗಳು ಮಾತಿಗೆ ಮಾತು ಬಂದು ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ ಎಂದು ತಿಳಿದ ಕೂಡಲೇ ಕೈ ಹಿಡಿದುಕೊಂಡರು. “ಸರ್, ನಮಗೆ ನಂಬರ್ ತಪ್ಪದೆ ಬರೆಯೋರೇ ಸಿಕ್ಕಲ್ಲ. ಮುಂದಿನ ಸಲ ನೀವು ಸ್ಟೀವರ್ಡ್ ಆಗಬೇಕು.”

ಸ್ಟೀವರ್ಡ್ ಎಂದರೆ ರಿಂಗಿನೊಳಗೆ ತೀರ್ಪುಗಾರರ ಜೊತೆ ನಿಲ್ಲುವ ಸಹಾಯಕ. ನಾಯಿ ಹಿಡಿದವರ ಎಡತೋಳಿನ ಮೇಲಿರುವ ನಂಬರ್ ನೋಡಿ ಒಳಗೆ ಕರೆಯಬೇಕು, ಬಾರದವರ ಹೆಸರಿನ ಮುಂದೆ ಗೈರುಹಾಜರಿ ಬರೆಯಬೇಕು, ತೀರ್ಪುಗಾರರು ಹೇಳಿದ ಫಲಿತಾಂಶವನ್ನು ಪುಸ್ತಕದಲ್ಲಿ ಬರೆದು ಬಹುಮಾನದ ಪಟ್ಟಿ ಕೊಡಬೇಕು. ಯಾವ ನಾಯಿ ಚೆನ್ನಾಗಿದೆ, ಯಾರು ಗೆಲ್ಲಬೇಕು ಎಂದು ಬಾಯಿ ಬಿಡುವಂತಿಲ್ಲ. ಜೀವನಪೂರ್ತಿ ಇನ್ನೊಬ್ಬರ ದುಡ್ಡನ್ನು ಎಣಿಸಿ, ಒಂದು ಮಾತೂ ಆಡದೆ ಕೊಟ್ಟವನಿಗೆ ಇದೇನು ಹೊಸದಲ್ಲ. ಒಪ್ಪಿಕೊಂಡೆ.

ರಿಂಗಿನಲ್ಲಿ ನಿಂತ ಮೇಲೆ ನನಗೆ ತಿಳಿದದ್ದು, ಅಲ್ಲಿ ನಡೆಯುವುದು ಎರಡು ಬಗೆಯ ಪರೀಕ್ಷೆ ಎಂದು. ಒಂದು ನಾಯಿಯ ಪರೀಕ್ಷೆ. ಪ್ರತಿ ತಳಿಗೂ ಅದರ ಎತ್ತರ, ತಲೆ, ಹಲ್ಲು, ಎದೆ, ಕಾಲು, ಬಾಲ ಹೇಗಿರಬೇಕು ಎಂದು ಬರೆದಿಟ್ಟ ಒಂದು ಮಾನದಂಡವಿದೆ. ನಮ್ಮ ದೇಶದಲ್ಲಿ ನಾಯಿಗಳ ವಂಶಾವಳಿ ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಚೇರಿ ಚೆನ್ನೈಯಲ್ಲಿದೆ. ನಾಯಿ ಆ ಮಾನದಂಡಕ್ಕೆ ಎಷ್ಟು ಹತ್ತಿರವಿದೆ ಎಂದು ತೀರ್ಪುಗಾರರು ನೋಡುತ್ತಾರೆ.

ಇನ್ನೊಂದು, ನಾಯಿಯನ್ನು ಹಿಡಿದವರ ಪರೀಕ್ಷೆ. ಇದು ಮುಖ್ಯವಾಗಿ ಮಕ್ಕಳಿಗಾಗಿ ಹುಟ್ಟಿದ್ದು. ನ್ಯೂಯಾರ್ಕಿನಲ್ಲಿ 1877ರಿಂದ ನಡೆಯುತ್ತಿರುವ ವೆಸ್ಟ್‌ಮಿನ್‌ಸ್ಟರ್ ಎಂಬ ಹೆಸರಾಂತ ಪ್ರದರ್ಶನದಲ್ಲಿ 1934ರಲ್ಲಿ ಮಕ್ಕಳ ಹ್ಯಾಂಡ್ಲಿಂಗ್ ಎಂಬ ಸ್ಪರ್ಧೆ ಸೇರಿತು. ಅಮೆರಿಕದಲ್ಲಿ ಈಗ ಒಂಬತ್ತು ವರ್ಷ ತುಂಬಿದವರಿಂದ ಹದಿನೆಂಟರ ಒಳಗಿನವರು ಇದರಲ್ಲಿ ಭಾಗವಹಿಸಬಹುದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆಯುವ ಕ್ರಫ್ಟ್ಸ್ ಪ್ರದರ್ಶನದಲ್ಲಿ ಬೇರೆ ಬೇರೆ ದೇಶಗಳಲ್ಲಿ ಗೆದ್ದ ಮಕ್ಕಳು ಬಂದು ಪೈಪೋಟಿ ನಡೆಸುತ್ತಾರೆ. ನಮ್ಮಲ್ಲಿಯೂ ಕೆಲವು ಪ್ರದರ್ಶನಗಳಲ್ಲಿ ಮಕ್ಕಳಿಗೆ ಇಂಥ ಸ್ಪರ್ಧೆ ಇಡುತ್ತಾರೆ. ಇದರಲ್ಲಿ ನಾಯಿಯ ಅಂದಚೆಂದಕ್ಕೆ ಅಂಕವಿಲ್ಲ. ಲಕ್ಷ ರೂಪಾಯಿಯ ನಾಯಿಯನ್ನು ಹಿಡಿದ ಹುಡುಗ ಸೋಲಬಹುದು, ಮೂತಿ ನರೆತ ಮುದಿ ನಾಯಿಯನ್ನು ಹಿಡಿದ ಹುಡುಗಿ ಗೆಲ್ಲಬಹುದು.

ಹಾಗಾದರೆ ತೀರ್ಪುಗಾರರು ನೋಡುವುದು ಏನನ್ನು? ಇದನ್ನು ನನಗೆ ಹೇಳಿಕೊಟ್ಟವರು ಬೆಂಗಳೂರಿನಿಂದ ಬಂದಿದ್ದ ಒಬ್ಬ ಮಹಿಳಾ ತೀರ್ಪುಗಾರರು. ಮಧ್ಯಾಹ್ನ ಟೀ ಬಿಡುವಿನಲ್ಲಿ ಕೇಳಿದೆ. ಅವರು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಾ ನಿಧಾನವಾಗಿ ಹೇಳಿದರು. ನಾನು ಜೇಬಿನ ಪುಟ್ಟ ಪುಸ್ತಕದಲ್ಲಿ ಬರೆದುಕೊಂಡೆ.

ಮೊದಲು ಎಲ್ಲರೂ ವೃತ್ತಾಕಾರದಲ್ಲಿ ಓಡುತ್ತಾರೆ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ತೀರ್ಪುಗಾರರು ನಡುವೆ ನಿಂತಿರುತ್ತಾರೆ, ನಾಯಿ ಎಡಗಡೆ ಇರುತ್ತದೆ. ಹಾಗಾಗಿ ಅವರ ಕಣ್ಣಿಗೆ ನಾಯಿಯೇ ಕಾಣುತ್ತದೆ, ಹಿಡಿದವರು ಅದರ ಆಚೆಗೆ ಇರುತ್ತಾರೆ. ತೀರ್ಪುಗಾರರಿಗೂ ನಾಯಿಗೂ ನಡುವೆ ಹ್ಯಾಂಡ್ಲರ್ ಎಂದೂ ಅಡ್ಡ ಬರಬಾರದು. ಇದು ದೊಡ್ಡ ನಿಯಮ.

ಆಮೇಲೆ ಒಬ್ಬೊಬ್ಬರೇ ತ್ರಿಕೋನದಲ್ಲಿ ಓಡಿಸಬೇಕು. ಯಾಕೆ ತ್ರಿಕೋನ? ದೂರ ಹೋಗುವಾಗ ನಾಯಿಯ ಹಿಂಗಾಲು ಕಾಣುತ್ತದೆ, ಅಡ್ಡ ಹೋಗುವಾಗ ಪಕ್ಕದಿಂದ ಅದರ ಹೆಜ್ಜೆ ಕಾಣುತ್ತದೆ, ಹಿಂದಿರುಗಿ ಬರುವಾಗ ಮುಂಗಾಲು ಕಾಣುತ್ತದೆ. ಮೂರು ಗೆರೆಯಲ್ಲಿ ಪೂರ್ತಿ ನಾಯಿ. ಗೆರೆ ಓರೆಯಾದರೆ ಅಂಕ ಹೋಯಿತು. ಕೆಲವೊಮ್ಮೆ ಇಂಗ್ಲಿಷಿನ ‘ಎಲ್’ ಅಥವಾ ‘ಟಿ’ ಅಕ್ಷರದ ಆಕಾರದಲ್ಲಿ ಓಡಿಸಲು ಹೇಳುತ್ತಾರೆ. ಆಗ ತಿರುವಿನಲ್ಲಿ ಹಗ್ಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಬೇಕು, ಇಲ್ಲದಿದ್ದರೆ ನಾವೇ ಅಡ್ಡ ಬರುತ್ತೇವೆ.

ಓಟವಾದ ಮೇಲೆ ನಾಯಿಯನ್ನು ನಾಲ್ಕು ಕಾಲೂ ಸರಿಯಾಗಿ ಊರಿ ನಿಲ್ಲಿಸಬೇಕು. ತುಟಿ ಎತ್ತಿ ಹಲ್ಲು ತೋರಿಸಬೇಕು. ತೀರ್ಪುಗಾರರು ಕೆಲವು ಪ್ರಶ್ನೆ ಕೇಳಬಹುದು. ಈ ತಳಿ ಯಾವ ಊರಿನದು? ಯಾವ ಕೆಲಸಕ್ಕೆ ಬೆಳೆಸಿದ್ದು? ಹಿಂಗಾಲಿನ ಮಂಡಿ ಯಾವುದು, ತೋರಿಸು.

“ಇದೆಲ್ಲ ಅಭ್ಯಾಸದಿಂದ ಬರುತ್ತೆ” ಎಂದರು ಅವರು. “ನಾನು ನೋಡೋದು ಹಗ್ಗವನ್ನ. ಅದು ಸಡಿಲವಾಗಿ, ಸ್ವಲ್ಪ ಬಾಗಿ ಇದ್ದರೆ ನಾಯಿ ತಾನಾಗಿ ಜೊತೆಗೆ ಬರ್ತಿದೆ ಅಂತ ಅರ್ಥ. ತಂತಿ ಹಾಗೆ ಬಿಗಿಯಾಗಿದ್ದರೆ ಎಳಕೊಂಡು ಬರ್ತಿದ್ದಾರೆ ಅಂತ. ಒಳ್ಳೇ ಹ್ಯಾಂಡ್ಲರ್ ಮೊದಲು ನಾಯಿಯನ್ನ ನೋಡ್ತಾನೆ, ಆಮೇಲೆ ನನ್ನನ್ನ ನೋಡ್ತಾನೆ.”

ನಾನು ಬ್ಯಾಂಕಿನಲ್ಲಿ ಹಲವು ವರ್ಷ ಸಹಿ ತಾಳೆ ನೋಡುವ ಕೆಲಸ ಮಾಡಿದ್ದೆ. ಹೆಸರು ಸರಿಯಾಗಿದ್ದರೆ ಸಾಲದು, ಅದನ್ನು ಬರೆದ ಕೈ ಅದೇ ಕೈಯೇ ಎಂದು ನೋಡಬೇಕು. ಆದ್ದರಿಂದ ಅವರ ಮಾತು ನನಗೆ ಬಹಳ ಹಿಡಿಸಿತು. ಮನೆಗೆ ಬಂದವನೇ ಮೊಮ್ಮಗನನ್ನು ಕೂರಿಸಿಕೊಂಡು, “ಮುಂದಿನ ವರ್ಷ ಮಕ್ಕಳ ಸ್ಪರ್ಧೆಗೆ ನೀನು ನಿಲ್ಲು. ನಾನು ತಯಾರು ಮಾಡ್ತೀನಿ” ಅಂದೆ.

ಮಕ್ಕಳೇ, ನಾಯಿ ಕಂಡರೆ ಕುರ್ಚಿಯ ಮೇಲೆ ಕಾಲೆತ್ತುತ್ತಿದ್ದ ಮನುಷ್ಯ ಒಂದು ಪುಟ್ಟ ಪುಸ್ತಕ ಹಿಡಿದುಕೊಂಡು ಗುರುವಾಗಿಬಿಟ್ಟ!

ದಿನಾ ಬೆಳಿಗ್ಗೆ ಆರು ಗಂಟೆಗೆ ಮನೆ ಹಿಂದಿನ ಖಾಲಿ ಸೈಟಿನಲ್ಲಿ ಅಭ್ಯಾಸ. ರಂಗೋಲಿ ಪುಡಿಯಿಂದ ತ್ರಿಕೋನ ಬರೆಯುತ್ತಿದ್ದೆ. ನನ್ನವಳು ಡಬ್ಬಿ ಖಾಲಿಯಾಯಿತೆಂದು ಗೊಣಗುತ್ತಿದ್ದಳು. ನಾನೇ ತೀರ್ಪುಗಾರನಂತೆ ನಡುವೆ ನಿಲ್ಲುತ್ತಿದ್ದೆ. ಮೊಮ್ಮಗ ಚೆನ್ನಾಗಿಯೇ ಕಲಿತ. ಆದರೆ ಅವನು ಓಡುವಾಗ ಚೆನ್ನಿಯನ್ನೇ ನೋಡುತ್ತಿದ್ದ. ನಾನು ಕೂಗುತ್ತಿದ್ದೆ, “ನನ್ನ ಕಡೆ ನೋಡೋ! ಜಡ್ಜ್ ಕಡೆ ನೋಡು! ನಗ್ತಾ ಇರು!” ಚೆನ್ನಿ ಎಲ್ಲೋ ಅಳಿಲು ಕಂಡು ನಿಂತರೆ, “ಎಳಿ, ಎಳಿ, ಟೈಮ್ ಹೋಗುತ್ತೆ” ಎನ್ನುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಅವನ ಕಣ್ಣು ನಾಯಿಯನ್ನು ಬಿಟ್ಟು ನನ್ನ ಮುಖಕ್ಕೆ ಬಂತು. ನನಗೆ ಹೆಮ್ಮೆಯಾಯಿತು.

ಕಳೆದ ವರ್ಷದ ಪ್ರದರ್ಶನದ ದಿನ ಬಂತು. ಅದೇ ತೀರ್ಪುಗಾರರು. “ನನ್ನ ಮೊಮ್ಮಗ ಸ್ಪರ್ಧೆಯಲ್ಲಿದ್ದಾನೆ, ಇದೊಂದಕ್ಕೆ ಬೇರೆಯವರನ್ನು ಹಾಕಿ” ಎಂದು ನಾನು ಕಾರ್ಯದರ್ಶಿಗಳಿಗೆ ಹೇಳಿದೆ. ಬ್ಯಾಂಕಿನಲ್ಲಿ ನಮ್ಮ ವೋಚರನ್ನು ನಾವೇ ಪಾಸು ಮಾಡುವಂತಿರಲಿಲ್ಲ, ಆ ಅಭ್ಯಾಸ. ಅವರು ಹುಡುಕಿದರು, ಯಾರೂ ಸಿಗಲಿಲ್ಲ. ತೀರ್ಪುಗಾರರಿಗೆ ತಿಳಿಸಿದಾಗ ಅವರು ನಕ್ಕು, “ಅಂಕ ಹಾಕೋದು ನಾನು, ನೀವು ಬರೀರಿ ಸಾಕು” ಅಂದರು.

ಒಟ್ಟು ಏಳು ಮಕ್ಕಳು. ಮೊಮ್ಮಗ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದ. ಜೇಬಿನಲ್ಲಿ ಚೆನ್ನಿಗೆಂದು ಬೇಯಿಸಿದ ಕೋಳಿ ಲಿವರಿನ ಚೂರುಗಳು. ವೃತ್ತ ಚೆನ್ನಾಗಿ ಓಡಿದ. ತ್ರಿಕೋನ ನೂಲು ಹಿಡಿದ ಹಾಗೆ ಬಂತು. ಪ್ರಶ್ನೆಗೂ ತಡವರಿಸಲಿಲ್ಲ. “ಇದು ಬಾಗಲಕೋಟೆ ಜಿಲ್ಲೆಯ ಮುಧೋಳದ ತಳಿ ಮೇಡಂ. ಬೇಟೆ ನಾಯಿ. ಮೂಸಿ ಹುಡುಕೋದಕ್ಕಿಂತ ಕಣ್ಣಿಂದ ನೋಡಿ ಅಟ್ಟಿಸಿಕೊಂಡು ಹೋಗುತ್ತೆ. ಮುಧೋಳದ ಘೋರ್ಪಡೆ ರಾಜರು ಇದನ್ನ ಬೆಳೆಸಿದರು. 2005ರಲ್ಲಿ ಅಂಚೆ ಚೀಟಿ ಬಂದಿದೆ. ತಿಮ್ಮಾಪುರದಲ್ಲಿ ಈ ತಳಿಗೇ ಅಂತ ಸಂಶೋಧನಾ ಕೇಂದ್ರ ಇದೆ. ಸೇನೆಯವರೂ ತಗೊಂಡು ತರಬೇತಿ ಕೊಟ್ಟಿದ್ದಾರೆ.” ತೀರ್ಪುಗಾರರು ತಲೆದೂಗಿದರು. ನನ್ನ ಪೆನ್ನು ಆಗಲೇ ಅವನ ನಂಬರನ್ನು ಮೊದಲ ಸಾಲಿನಲ್ಲಿ ಬರೆಯಲು ತುದಿಗಾಲಲ್ಲಿ ನಿಂತಿತ್ತು.

ಕೊನೆಗೆ ಇಬ್ಬರು ಉಳಿದರು ಅನ್ನುವಂತಿತ್ತು, ನನ್ನ ಮೊಮ್ಮಗ ಮತ್ತು ಒಂದು ಪುಟ್ಟ ಹುಡುಗಿ. ಅವಳ ಕೈಯಲ್ಲಿದ್ದದ್ದು ಬಿಳಿ ಮೂತಿಯ, ದಪ್ಪ ಹೊಟ್ಟೆಯ ಮುದಿ ಲ್ಯಾಬ್ರಡಾರ್. ಆಗ ತೀರ್ಪುಗಾರರು ಹೇಳಿದರು: “ಈಗ ಇಬ್ಬರೂ ನಾಯಿ ಬದಲಾಯಿಸಿಕೊಳ್ಳಿ.”

ಈ ಸ್ಪರ್ಧೆಗಳಲ್ಲಿ ಹೀಗೆ ಕೇಳುವುದುಂಟು. ಮನೆಯ ನಾಯಿಗೆ ನಮ್ಮ ಅಭ್ಯಾಸ ಗೊತ್ತಿರುತ್ತದೆ, ನಮ್ಮ ತಪ್ಪನ್ನು ಅದೇ ಮುಚ್ಚಿಬಿಡುತ್ತದೆ. ಗೊತ್ತಿಲ್ಲದ ನಾಯಿ ಮುಚ್ಚುವುದಿಲ್ಲ.

ಮೊಮ್ಮಗ ಲ್ಯಾಬ್ರಡಾರಿನ ಹಗ್ಗ ತೆಗೆದುಕೊಂಡ. ನಾನು ಕಲಿಸಿದಂತೆ ತೀರ್ಪುಗಾರರ ಕಡೆ ನೋಡಿ ನಕ್ಕ, ಹೊರಟ. ನಾಲ್ಕು ಹೆಜ್ಜೆ ಹೋಗಿರಬೇಕು, ಮುದಿ ನಾಯಿ ಕೂತುಬಿಟ್ಟಿತು. ಅವನಿಗೆ ಗೊತ್ತಾಗಲಿಲ್ಲ, ಅವನ ಕಣ್ಣು ತೀರ್ಪುಗಾರರ ಮೇಲಿತ್ತು. ಹಗ್ಗ ಬಿಗಿಯಾಯಿತು. ಜನ ನಕ್ಕರು. ಅವನ ಮುಖ ಕೆಂಪಾಯಿತು. ಹಗ್ಗವನ್ನು ಜೋರಾಗಿ ಜಗ್ಗಿದ. ನಾಯಿಯ ಕೊರಳು ಮುಂದೆ ಬಂತು, ಮೈ ಅಲ್ಲೇ ಇತ್ತು. ಇನ್ನೊಮ್ಮೆ ಜಗ್ಗಿದ. ನಾಯಿ ಕೆಮ್ಮಿತು. ಆಮೇಲೆ ಅವನು ನನ್ನ ಕಡೆ ನೋಡಿದ.

ಆ ನೋಟವನ್ನು ನಾನು ಮರೆಯಲಾರೆ. ‘ಏನು ಮಾಡಲಿ ತಾತ’ ಎಂದು ಕೇಳುತ್ತಿತ್ತು. ನಾನು ಸ್ಟೀವರ್ಡ್, ಒಂದು ಸನ್ನೆಯನ್ನೂ ಮಾಡುವಂತಿಲ್ಲ. ತಲೆ ತಗ್ಗಿಸಿ ಪುಸ್ತಕ ನೋಡಿದೆ. ನಿಜ ಹೇಳಬೇಕೆಂದರೆ, ಸನ್ನೆ ಮಾಡಬಹುದಾಗಿದ್ದರೂ ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ.

ಆ ಕಡೆ ಹುಡುಗಿಯ ಪಾಡೂ ಸುಲಭವಾಗಿರಲಿಲ್ಲ. ಮುಧೋಳ ನಾಯಿಗೆ ಹೊಸಬರು ಮುಟ್ಟಿದರೆ ಆಗುವುದಿಲ್ಲ. ಚೆನ್ನಿ ಬಾಲ ಮಡಚಿಕೊಂಡು ಹಗ್ಗದ ತುದಿಯವರೆಗೆ ಹಿಂದೆ ಸರಿದಿತ್ತು. ಹುಡುಗಿ ಎಳೆಯಲಿಲ್ಲ, ಕೈ ಚಾಚಲಿಲ್ಲ. ಚೆನ್ನಿಗೆ ಬೆನ್ನು ಓರೆಮಾಡಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ತೀರ್ಪುಗಾರರನ್ನೂ ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ಸುಮ್ಮನೆ ಕೂತಿದ್ದಳು. ಅಷ್ಟು ಹೊತ್ತು ಯಾಕೆ ಕೂತಿದ್ದಾಳೆ ಎಂದು ನನಗೇ ಚಡಪಡಿಕೆ. ಆಮೇಲೆ ಚೆನ್ನಿ ಒಂದು ಹೆಜ್ಜೆ ಮುಂದೆ ಬಂತು. ಅವಳ ಮೊಣಕೈ ಮೂಸಿತು. ಅವಳು ಮೆಲ್ಲನೆ ಎದ್ದು ನಡೆದಳು, ಮತ್ತೆ ಸ್ವಲ್ಪ ಓಡಿದಳು. ಚೆನ್ನಿ ಅವಳ ಪಕ್ಕದಲ್ಲಿ ಓಡಿತು. ಹಗ್ಗ ಸಡಿಲವಾಗಿ, ಸ್ವಲ್ಪ ಬಾಗಿತ್ತು.

ಹುಡುಗಿಗೆ ಮೊದಲ ಬಹುಮಾನ. ಮೊಮ್ಮಗನಿಗೆ ನಾಲ್ಕನೆಯ ಸ್ಥಾನ. ಮೂರರವರೆಗೆ ಮಾತ್ರ ಬಹುಮಾನ. ಆ ನಾಲ್ಕನ್ನು ನಾನೇ ನನ್ನ ಕೈಯಾರೆ ಬರೆದೆ.

ಸ್ಪರ್ಧೆ ಮುಗಿದ ಮೇಲೆ ತೀರ್ಪುಗಾರರು ಅವನನ್ನು ಹತ್ತಿರ ಕರೆದು ಹೇಳಿದರು, “ಮರಿ, ನಾಯಿ ಕೂತಿದ್ದಕ್ಕೆ ನಾನು ಒಂದು ಅಂಕವನ್ನೂ ಕಳೀಲಿಲ್ಲ. ಅದು ಮುದುಕ, ಬಿಸಿಲಲ್ಲಿ ಕೂತ್ಕೋತಾನೆ. ಅವನು ಕೂತಿದ್ದು ನಿನಗೆ ಗೊತ್ತೇ ಆಗಲಿಲ್ಲವಲ್ಲ, ಅದಕ್ಕೆ ಅಂಕ ಹೋಯ್ತು. ಆಮೇಲೆ ಎರಡು ಸಲ ಜಗ್ಗಿದೆ, ಉಳಿದದ್ದೂ ಹೋಯ್ತು.”

ಆಟೋದಲ್ಲಿ ಅವನು ಮಾತಾಡಲಿಲ್ಲ. ಚೆನ್ನಿ ಅವನ ತೊಡೆಯ ಮೇಲೆ ತಲೆಯಿಟ್ಟಿತ್ತು, ಅವನು ಅದರ ತಲೆ ಮುಟ್ಟಲಿಲ್ಲ. ಮನೆ ಹತ್ತಿರ ಬಂದಾಗ ಹೇಳಿದ, “ನಾನು ಸೋತಿದ್ದಕ್ಕಲ್ಲ ತಾತ. ಚೆನ್ನಿ ಅವಳ ಜೊತೆ ಅಷ್ಟು ಚೆನ್ನಾಗಿ ಓಡಿದಳಲ್ಲ. ನನ್ನ ಜೊತೆ ಯಾವತ್ತೂ ಹಾಗೆ ಓಡಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಜಡ್ಜ್ ಕಡೆ ನೋಡು ಅಂತ ನೀವೇ ಹೇಳಿದ್ರಲ್ಲ” ಅಂದ.

ಅದರಲ್ಲಿ ಸಿಟ್ಟಿರಲಿಲ್ಲ, ಕೇಳಿದ್ದ ಅಷ್ಟೆ. ಸಿಟ್ಟಿನಿಂದ ಹೇಳಿದ್ದರೆ ನಾನು ತಾತನ ಗತ್ತಿನಲ್ಲಿ ಏನಾದರೂ ಉತ್ತರ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದೆನೋ ಏನೋ.

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಜೇಬಿನ ಪುಸ್ತಕ ತೆಗೆದು ನೋಡಿದೆ. ‘ತೀರ್ಪುಗಾರರ ಕಡೆ ನೋಡಬೇಕು. ಮುಖದಲ್ಲಿ ನಗು’ ಎಂದಿತ್ತು. ನಗುವಿನ ಮಾತು ಆ ತಾಯಿ ಹೇಳಿದ್ದೇ ಅಲ್ಲ, ನಾನು ಸೇರಿಸಿದ್ದು. ಅವರು ಹೇಳಿದ್ದು, ಮೊದಲು ನಾಯಿಯನ್ನ, ಆಮೇಲೆ ನನ್ನನ್ನ ಎಂದು. ಅದರಲ್ಲಿ ಎರಡನೆಯದನ್ನು ಮಾತ್ರ ಬರೆದುಕೊಂಡಿದ್ದೆ. ಜಮಾ ಬರೆದು ಖರ್ಚು ಬಿಟ್ಟರೆ ಲೆಕ್ಕ ತಾಳೆಯಾಗುವುದಾದರೂ ಹೇಗೆ? ಬಿ.ಕಾಂ. ಓದಿದವನಿಗೆ ಇದನ್ನು ಬೇರೆ ಯಾರಾದರೂ ಹೇಳಿಕೊಡಬೇಕೆ? ಆ ಹುಡುಗ ಮೊದಲಿನಿಂದ ಚೆನ್ನಿಯನ್ನೇ ನೋಡುತ್ತಿದ್ದ. ಸರಿಯಾಗಿಯೇ ನೋಡುತ್ತಿದ್ದ. ಆ ಕಣ್ಣನ್ನು ಕಿತ್ತು ಬೇರೆ ಕಡೆ ತಿರುಗಿಸಿದವನು ನಾನು. ನಾಯಿಯನ್ನು ಅವನು ಎಳೆದ, ಅವನನ್ನು ನಾನು ಎಳೆದೆ. ನನ್ನ ಕೈಯಲ್ಲಿದ್ದ ಹಗ್ಗ ಯಾರಿಗೂ ಕಾಣುತ್ತಿರಲಿಲ್ಲ, ಅಷ್ಟೆ ವ್ಯತ್ಯಾಸ.

ಬೆಳಿಗ್ಗೆ ಅವನ ಪಕ್ಕದಲ್ಲಿ ಕೂತು ಹೇಳಿದೆ, “ಪುಟ್ಟ, ನಿನ್ನೆ ತಪ್ಪಾಗಿದ್ದು ನಿನ್ನದಲ್ಲ, ನನ್ನದು. ಮೇಡಂ ಹೇಳಿದ್ದನ್ನ ಅರ್ಧ ಮಾತ್ರ ನಿನಗೆ ಹೇಳಿದೆ.” ಪುಸ್ತಕವನ್ನೂ ತೋರಿಸಿದೆ. ಎಪ್ಪತ್ತು ದಾಟಿದವನು ಹನ್ನೆರಡರ ಹುಡುಗನೆದುರು ತಪ್ಪಾಯಿತು ಎನ್ನುವುದು ಅಷ್ಟು ಸುಲಭವಲ್ಲ. ಅವನು ಪುಸ್ತಕ ನೋಡಿ, “ನಿಮ್ಮ ಅಕ್ಷರ ಚೆನ್ನಾಗಿದೆ ತಾತ” ಅಂದ. ಇಬ್ಬರೂ ನಕ್ಕೆವು.

ಅಂದಿನಿಂದ ಬೆಳಗಿನ ಅಭ್ಯಾಸಕ್ಕೆ ನಾನು ಹೋಗುವುದನ್ನು ಬಿಟ್ಟೆ. ನನ್ನವಳ ರಂಗೋಲಿ ಪುಡಿಯೂ ಉಳಿಯಿತು. ಅವನು ಮತ್ತು ಚೆನ್ನಿ ಇಬ್ಬರೇ ಹೋಗುತ್ತಿದ್ದರು. ಕಿಟಕಿಯಿಂದ ನೋಡುತ್ತಿದ್ದೆ. ಅಳಿಲು ಕಂಡು ಚೆನ್ನಿ ನಿಂತರೆ ಅವನೂ ನಿಂತು ಅಳಿಲನ್ನು ನೋಡುತ್ತಿದ್ದ. ಅಳಿಲು ಮರವೇರಿದ ಮೇಲೆ ಇಬ್ಬರೂ ಮುಂದೆ ಹೋಗುತ್ತಿದ್ದರು. ಭಾನುವಾರಗಳಲ್ಲಿ ಪಕ್ಕದ ಬೀದಿಯವರ ಮುದಿ ಪಮೇರಿಯನ್ನನ್ನೂ ಕೇಳಿ ಪಡೆದು ಸುತ್ತಾಡಿಸಿಕೊಂಡು ಬರುತ್ತಿದ್ದ. ಅದು ಹತ್ತು ಹೆಜ್ಜೆಗೊಮ್ಮೆ ಕೂರುವ ನಾಯಿ. ಯಾಕೆ ಅದನ್ನೇ ಆರಿಸಿಕೊಂಡೆ ಎಂದು ನಾನು ಕೇಳಲಿಲ್ಲ.

ಈ ವರ್ಷ ಮತ್ತೆ ಸ್ಪರ್ಧೆಗೆ ನಿಂತ. ಈ ಸಲ ಬೇರೆ ತೀರ್ಪುಗಾರರು, ನಾನೂ ಸ್ಟೀವರ್ಡ್ ಆಗಿರಲಿಲ್ಲ. ಹಗ್ಗದ ಬೇಲಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ತ್ರಿಕೋನದ ಎರಡನೆಯ ತಿರುವಿನಲ್ಲಿ ಧ್ವನಿವರ್ಧಕ ಕಿರ್ರೆಂದು ಕಿರುಚಿತು. ಚೆನ್ನಿ ಬೆಚ್ಚಿ ನಿಂತಿತು. ಅವನು ತಕ್ಷಣ ನಿಂತ. ಕುಕ್ಕರುಗಾಲಲ್ಲಿ ಕೂತು, ಬೆನ್ನು ಓರೆಮಾಡಿ, ಕಾದ. ನನ್ನ ಕಡೆ ನೋಡಲಿಲ್ಲ. ತೀರ್ಪುಗಾರರ ಕಡೆಯೂ ನೋಡಲಿಲ್ಲ. ಚೆನ್ನಿ ಬಂದು ಕಿವಿ ಮೂಸಿದ ಮೇಲೆ ಎದ್ದು, ತೀರ್ಪುಗಾರರಿಗೆ ಒಮ್ಮೆ ತಲೆಬಾಗಿ, ಉಳಿದ ಗೆರೆ ಓಡಿದ.

ಎರಡನೆಯ ಬಹುಮಾನ ಬಂತು. ಒಂದು ಸ್ಟೀಲ್ ಲೋಟ. ಈಗ ನನಗೆ ಬೆಳಗಿನ ಕಾಫಿ ಅದರಲ್ಲೇ ಆಗಬೇಕು.

ಮಕ್ಕಳೇ, ನಿಮ್ಮ ಮನೆಯಲ್ಲಿ ನಾಯಿಯಿದ್ದರೆ ನಾಳೆ ಬೆಳಿಗ್ಗೆ ಕರೆದುಕೊಂಡು ಹೋಗುವಾಗ ಒಮ್ಮೆ ಹಗ್ಗ ನೋಡಿ. ಬಿಗಿಯಾಗಿದೆಯೋ, ಸ್ವಲ್ಪ ಬಾಗಿದೆಯೋ? ಅಂಕ ಹಾಕಲು ಬೇರೆ ತೀರ್ಪುಗಾರರು ಬೇಡ.

ಅಜ್ಜ ಅಜ್ಜಿಯರಿಗೆ ನಾನೇನೂ ಹೇಳುವುದಿಲ್ಲ. ಅವರ ಕೈಯಲ್ಲಿರುವ ಹಗ್ಗ ಅವರಿಗೇ ಗೊತ್ತು.